ಪ್ಲಗ್ಗಿನೊಳಗಿನ ಹಸಿರು ವೈರು

ವರ್ಕ್‌ಶಾಪಿನಿಂದ
ಜೂನ್ ೧೧, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯ ಮಗಳೇ? ದಿನವಿಡೀ ನಿಂತು ಬ್ಯಾಗು ಹೊಲಿದು ಹೊಲಿದು ಹಿಮ್ಮಡಿ ನೋಯುತ್ತದೆ ಎಂದು ಅಮ್ಮನ ಹತ್ತಿರ ಹೇಳಿದ್ದೆಯಂತೆ. ಈಗ ಕಡಿಮೆಯಾಗಿದೆಯೋ? ಗಟ್ಟಿ ಅಟ್ಟೆಯ ಚಪ್ಪಲಿ ಬಿಟ್ಟು ಮೆತ್ತನೆಯದು ಹಾಕಿಕೋ. ರಾತ್ರಿ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ದೊಡ್ಡಮ್ಮನ ಮಂಡಿ ಹೇಗಿದೆ? ಅವರು ನೋವಿದ್ದರೂ ಇಲ್ಲ ಅನ್ನುವ ಪೈಕಿ, ನೀನೇ ಮುಖ ನೋಡಿ ತಿಳಿದುಕೊಳ್ಳಬೇಕು. ನಾವಿಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟು ಪೆನ್ನು ತಡೆದೆ. ಅಮ್ಮ ಚೆನ್ನಾಗಿದ್ದಾಳೆ. ಚಿಕ್ಕಪ್ಪನೂ ಆರೋಗ್ಯವಾಗಿದ್ದಾನೆ, ಕೈಯೊಂದನ್ನು ಬಿಟ್ಟು. ನನ್ನ ವಿಷಯ ಹೇಳುವುದಕ್ಕೇ ಈ ಕಾಗದ. ಅಪ್ಪ ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದರು ಎಂದು ನಿನಗೆ ಗಾಬರಿಯಾಗಬಹುದು. ಈ ಬೆಳಿಗ್ಗೆಯಿಂದ ಮೂರು ಸಲ ಫೋನ್ ಕೈಗೆತ್ತಿಕೊಂಡೆ. ನೀನು "ಊಟ ಆಯ್ತಾ ಅಪ್ಪ?" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಷ್ಟಕ್ಕೇ ನನ್ನ ಧೈರ್ಯ ಮುಗಿದುಹೋಗುತ್ತದೆ. ಎರಡು ವರ್ಷದಿಂದ ಹಾಗೇ ಆಗಿದೆ.

ಮೊದಲು ಇವತ್ತು ನಡೆದದ್ದನ್ನು ಹೇಳುತ್ತೇನೆ. ಮೂರು ವಾರದಿಂದ ನಮ್ಮ ಶೆಡ್ಡಿನಲ್ಲಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಪಾಠ ನಡೆಯುತ್ತಿದೆ. ಮುಖ್ಯರಸ್ತೆಯ ತರಬೇತಿ ಕೇಂದ್ರದವರು ವೆಲ್ಡಿಂಗ್ ಕಲಿಯಲು ಹನ್ನೆರಡು ಜನ ಹೆಂಗಸರನ್ನು ನಮ್ಮಲ್ಲಿಗೆ ಕಳಿಸುತ್ತಾರೆ. ಎಲ್ಲ ಕಡೆಯವರೂ ಇದ್ದಾರೆ: ಬಸ್ಸಿನ ಸೀಟು ಹೊಲಿಯುವವಳೊಬ್ಬಳು, ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳೊಬ್ಬಳು, ಮೊಮ್ಮಗಳನ್ನು ಶಾಲೆಗೆ ಬಿಟ್ಟು ನೇರ ಇಲ್ಲಿಗೆ ಬರುವ ಅಜ್ಜಿಯೊಬ್ಬರು. ಚಿಕ್ಕಪ್ಪ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಎಡಗೈಯಿಂದ ಎಲ್ಲರಿಗೂ ಸಾಮಾನು ಹಂಚುತ್ತಾನೆ, ಇವತ್ತು ಬೆಸುಗೆಯ ರಾಡ್, ಜೊತೆಗೆ ಒಂದೊಂದು ತಮಾಷೆ ಮಾತು. ಇಷ್ಟು ದಿನ ಸುತ್ತಿಗೆ, ಅಳತೆ, ಕಬ್ಬಿಣ ಕತ್ತರಿಸುವುದು ಆಯಿತು. ಇವತ್ತು ಮೊದಲ ಸಲ ಮೆಷೀನ್ ಜೋಡಿಸಿ, ರಾಡ್ ತಾಗಿಸಿ ಆರ್ಕ್ ಹೊಡೆದು ಬೆಂಕಿ ಎಬ್ಬಿಸುವ ದಿನ.

ನಾನು ಗತ್ತಿನಿಂದಲೇ ಶುರು ಮಾಡಿದೆ. ಮೊದಲು ನೆಲ ನೋಡಿ, ಒದ್ದೆಯಿದ್ದರೆ ಒರೆಸಿ, ಒಣ ಹಲಗೆ ಹಾಕಿ ನಿಲ್ಲಿ ಎಂದೆ. ಮೆಷೀನನ್ನು ಗೋಡೆಗೆ ಆನಿಸಬೇಡಿ, ಅದಕ್ಕೂ ಉಸಿರಾಡಲು ಜಾಗ ಬೇಕು. ಮೇನ್ ಸ್ವಿಚ್ ಆಫ್ ಇರುವಾಗಲೇ ಕೇಬಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಅಂಗೈಯಲ್ಲಿ ಹರಿಸಿ ನೋಡಿ. ಸಿಪ್ಪೆ ಸುಲಿದಿದ್ದರೆ ಟೇಪು ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ, ಬದಲಾಯಿಸಿ. ಕ್ಲಾಂಪನ್ನು ಬಣ್ಣದ ಮೇಲಾಗಲಿ ತುಕ್ಕಿನ ಮೇಲಾಗಲಿ ಕಚ್ಚಿಸಬೇಡಿ, ಉಜ್ಜಿ ಹೊಳೆಯುವ ಕಬ್ಬಿಣಕ್ಕೆ, ಬೆಸುಗೆ ಬೀಳುವ ಜಾಗದ ಹತ್ತಿರ ಕಚ್ಚಿಸಿ. ನೈಲಾನ್ ಬಟ್ಟೆ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಗ್ಲೌಸು ಒಣಗಿರಬೇಕು. ಸತುವಿನ ಲೇಪದ ಪೈಪಿನಿಂದ ಬರುವ ಬಿಳಿ ಹೊಗೆ ಕುಡಿದರೆ ಜ್ವರ ಗ್ಯಾರಂಟಿ, ಬಾಗಿಲು ತೆಗೆದಿಡಿ. ಕೆಲಸ ಮುಗಿಯಿತೆಂದು ತಕ್ಷಣ ಬೀಗ ಹಾಕಿ ಹೋಗಬೇಡಿ, ಅರ್ಧ ಗಂಟೆ ಇದ್ದು ಎಲ್ಲೂ ಕಿಡಿ ಹೊಗೆಯಾಡುತ್ತಿಲ್ಲ ಅನ್ನುವುದನ್ನು ನೋಡಿಕೊಳ್ಳಿ. ಹೇಳುತ್ತ ಹೋದಂತೆ ನನಗೇ ಒಂದು ವಿಷಯ ಹೊಳೆಯಿತು. ಇದರಲ್ಲಿ ನನ್ನ ಮಾತು ಒಂದೂ ಇರಲಿಲ್ಲ, ಚೂಟಿ. ಎಲ್ಲ ನಿನ್ನವು. ನಾನು ಮೂವತ್ತು ವರ್ಷ ಕರಿ ಕನ್ನಡಕ ಹಾಕಿಕೊಂಡು, ಚಪ್ಪಲಿ ಕಾಲಲ್ಲಿ ಕೆಲಸ ಮಾಡಿದವನು. ನೀನು ಕೋರ್ಸು ಮುಗಿಸಿ ಬಂದು ಒಂದೊಂದಾಗಿ ನನಗೂ ಚಿಕ್ಕಪ್ಪನಿಗೂ ಕಲಿಸಿದೆ. ಆರ್ಕ್ ಹೊಡೆಯುವ ಮೊದಲು "ಕಣ್ಣೂ!" ಎಂದು ನೀನು ಕೂಗುತ್ತಿದ್ದ ಜೋರಿಗೆ ರಸ್ತೆಯಾಚೆಯ ಟೀ ಅಂಗಡಿಯವನೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇವತ್ತು ಆ ಹನ್ನೆರಡು ಜನರಿಗೂ ಹಾಗೇ ಕೂಗಲು ಹೇಳಿಕೊಟ್ಟೆ. ಯಾರಿಂದ ಕಲಿತದ್ದು ಅಂತ ಮಾತ್ರ ಹೇಳಲಿಲ್ಲ.

ಆಮೇಲೆ ಅರ್ತ್ ವಿಷಯಕ್ಕೆ ಬಂದೆ. ನಮ್ಮ ಕಸುಬಿನವರು ಕ್ಲಾಂಪನ್ನೂ ಅರ್ತ್ ಅನ್ನುತ್ತೇವೆ, ಪ್ಲಗ್ಗಿನೊಳಗಿನ ಹಸಿರು ವೈರನ್ನೂ ಅರ್ತ್ ಅನ್ನುತ್ತೇವೆ, ಆದರೆ ಎರಡೂ ಬೇರೆ ಎಂದು ವಿವರಿಸಿದೆ. ಕ್ಲಾಂಪು ಬೆಸುಗೆಯ ಕರೆಂಟು ಮೆಷೀನಿಗೆ ವಾಪಸು ಬರುವ ದಾರಿ. ಹಸಿರು ವೈರು ಹಾಗಲ್ಲ; ಒಳಗೆ ಕೆಟ್ಟು ಮೆಷೀನಿನ ಮೈಗೇ ಕರೆಂಟು ಇಳಿದರೆ ಅದನ್ನು ನೆಲಕ್ಕೆ ಹರಿಸಿ, ಬ್ರೇಕರ್ ಬೀಳಿಸಿ, ಮುಟ್ಟಿದವರ ಜೀವ ಉಳಿಸುವುದು ಅದು. ಆಗ ಸೀಟು ಹೊಲಿಯುವವಳು "ಸಾರ್, ಇಲ್ಲಿ ಯಾರಿಗಾದ್ರೂ ಹಾಗೆ ಶಾಕ್ ಹೊಡೆದಿದ್ಯಾ?" ಎಂದು ಕೇಳಿದಳು. ಎಲ್ಲರ ಕಣ್ಣೂ ಚಿಕ್ಕಪ್ಪನ ಬಲಗೈಯ ಮೇಲೆ ಹೋಯಿತು. ನಾನು ಒಂದು ಗಳಿಗೆಯೂ ತಡವರಿಸದೆ, "ಹೊಡೆದಿದೆ. ಅವತ್ತು ನನ್ನ ಮಗಳು ಅರ್ತ್ ಸರಿಯಾಗಿ ಹಾಕಿರಲಿಲ್ಲ" ಅಂದುಬಿಟ್ಟೆ. ಎರಡು ವರ್ಷದಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿದೆ ನೋಡು.

ಚಿಕ್ಕಪ್ಪ ಸ್ಟೂಲಿನಿಂದ ಎದ್ದ. "ಆದ್ರೆ ಮೇನ್ ಎಳೆದವಳೂ ಅವಳೇ ಕಣಮ್ಮ. ಗಾಬರಿಯಲ್ಲಿ ನನ್ನ ಹಿಡ್ಕೊಂಡು ಎಳೆಯೋಕೆ ಬಂದಿದ್ರೆ ಇಬ್ರೂ ಹೋಗ್ತಿದ್ವಿ. ಅವಳ ತಲೆ ಓಡ್ತು. ಅದಕ್ಕೇ ನಾನಿವತ್ತು ಇಲ್ಲಿ ರಾಡ್ ಹಂಚ್ಕೊಂಡು ಕೂತಿದ್ದೀನಿ" ಎಂದ. ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಆ ಹೆಂಗಸು ನಾನು ಆಗ ತಾನೇ ಹೇಳಿಕೊಟ್ಟದ್ದನ್ನು ಚೆನ್ನಾಗಿ ಮನಸ್ಸಿಟ್ಟು ಕೇಳಿದ್ದಳು. "ಯಾವ ಅರ್ತ್ ಸಾರ್? ಕ್ಲಾಂಪಾ, ಹಸಿರು ವೈರಾ?" ಎಂದು ಕೇಳಿದಳು. ಅವಳಿಗೆ ಕುಹಕ ಏನೂ ಇರಲಿಲ್ಲ. ಕಲಿಯಲು ಬಂದವಳು, ಕೇಳಿದಳು. ಎಲ್ಲರೂ ಹೋಗಿ ಟೀ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ, ನೀರಿನ ಡ್ರಮ್ಮಿನ ಹಿಂದೆ ಹೋಗಿ ನಿಂತುಕೊಂಡೆ. ಮತ್ತೆ ಪಾಠ ಮಾಡಲು ನನ್ನಿಂದ ಆಗಲಿಲ್ಲ. ತಲೆನೋವು ಅಂತ ಹೇಳಿ ಎಲ್ಲರನ್ನೂ ಮನೆಗೆ ಕಳಿಸಿದೆ.

ಚೂಟಿ, ಅವಳ ಪ್ರಶ್ನೆಗೆ ಉತ್ತರ ನಿನಗೆ ಮೊದಲು ಹೇಳಬೇಕು. ಹಸಿರು ವೈರು. ಅದನ್ನು ಕತ್ತರಿಸಿದವನು ನಾನು.

ಶಾಲೆಯ ದೊಡ್ಡ ಗೇಟಿನ ಕೆಲಸ ನೆನಪಿದೆಯಲ್ಲ. ಶೆಡ್ಡಿನ ತಗಡು ಸೋರಿ ಮೆಷೀನಿನ ಮೇಲೆ ನೀರು ಬಿದ್ದಿತ್ತು. ಆಮೇಲೆ ಸ್ವಿಚ್ ಹಾಕಿದಾಗಲೆಲ್ಲ ಬ್ರೇಕರ್ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿ, ಒಳಗಿನ ಸುರುಳಿಯಿಂದ ಮೈಗೆ ಕರೆಂಟು ಇಳಿಯುತ್ತಿದೆ, ಬಿಚ್ಚಿ ಸರಿಮಾಡಬೇಕು, ನಾಲ್ಕು ದಿನ ಇದನ್ನು ಮುಟ್ಟಲೇಬೇಡಿ ಅಂದ. ಗೇಟು ಕೊಡಬೇಕಾಗಿದ್ದದ್ದು ಮೂರನೇ ದಿನ. ಶಾಲೆಯ ಹೆಡ್‌ಮಾಸ್ಟರಿಗೆ ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟಿದ್ದೆ. ಸಾಯಂಕಾಲ ನೀವಿಬ್ಬರೂ ಮನೆಗೆ ಹೋದ ಮೇಲೆ ಪ್ಲಗ್ ಬಿಚ್ಚಿ, ಹಸಿರು ವೈರನ್ನು ಕತ್ತರಿಸಿ, ತುದಿಯನ್ನು ಒಳಗೇ ಮಡಚಿಟ್ಟು ಸ್ಕ್ರೂ ಬಿಗಿದೆ. ಬ್ರೇಕರ್ ಬೀಳಲಿಲ್ಲ. ಆಗ ನನಗೆ ಹೆದರಿಕೆಯಾಗಲಿಲ್ಲ ಮಗಳೇ, ಖುಷಿಯಾಯಿತು. ಅಷ್ಟು ಓದಿದ ಎಲೆಕ್ಟ್ರಿಷಿಯನ್ನಿಗೆ ಹೊಳೆಯದ್ದು ನನಗೆ ಹೊಳೆಯಿತು ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ನೀನು ಎಂದಿನಂತೆ ನೆಲ ಒರೆಸಿ, ಕೇಬಲ್ ನೋಡಿ, ಕ್ಲಾಂಪು ಕಚ್ಚಿಸಿದೆ. ಸ್ವಿಚ್ ಹಾಕಿ, "ಬೀಳ್ತಿಲ್ವಲ್ಲ ಅಪ್ಪ, ರಿಪೇರಿ ಆಯ್ತಾ?" ಎಂದು ಕೇಳಿದೆ. "ಆಯ್ತು, ಆಯ್ತು. ನೀನು ಕೆಲಸ ನೋಡು" ಅಂದೆ. ಮುಚ್ಚಿದ ಪ್ಲಗ್ಗಿನೊಳಗೆ ಏನಿದೆ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಅಪ್ಪನ ಮಾತು ನಂಬಿದೆ.

ಆಮೇಲಿನದು ನಿನಗೆ ಗೊತ್ತಿದೆ, ಆದರೂ ನಾನು ಕಂಡದ್ದನ್ನು ಹೇಳುತ್ತೇನೆ. ಚಿಕ್ಕಪ್ಪ ಎಡಗೈಯಲ್ಲಿ ಗೇಟಿನ ಚೌಕಟ್ಟು ಹಿಡಿದುಕೊಂಡು, ಮೆಷೀನನ್ನು ಹತ್ತಿರ ಎಳೆಯಲೆಂದು ಬಲಗೈಯಲ್ಲಿ ಅದರ ಹಿಡಿ ಹಿಡಿದ. ಹಿಡಿದವನು ಬಿಡಲಿಲ್ಲ. ನಾನು ಮರ ನಿಂತ ಹಾಗೆ ನಿಂತಿದ್ದೆ. ನೀನು ಓಡಿಹೋಗಿ ಮೇನ್ ಎಳೆದೆ. ಅವನು ಬಿದ್ದ ರಭಸಕ್ಕೆ ಕೇಬಲ್ ಎಳೆದುಕೊಂಡು ಕ್ಲಾಂಪು ಕಳಚಿ ನೆಲಕ್ಕೆ ಬಿತ್ತು. ಅದು ಬಿದ್ದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಅಕ್ಕಪಕ್ಕದವರು ಓಡಿಬಂದರು. ಯಾರೋ ಕ್ಲಾಂಪು ನೋಡಿ, "ಅರ್ತ್ ಕಳಚಿದೆ ನೋಡಿ, ಬೆಳಿಗ್ಗೆ ಯಾರು ಹಾಕಿದ್ದು?" ಎಂದು ಕೇಳಿದರು. ನಾನು ಆಡಿದ್ದು ಒಂದೇ ಮಾತು: "ಮಗಳು." ಆ ಮಾತಿನಲ್ಲಿ ಅಕ್ಷರಶಃ ಸುಳ್ಳಿರಲಿಲ್ಲ. ಅದನ್ನೇ ಇಷ್ಟು ದಿನ ನನಗೆ ನಾನು ಹೇಳಿಕೊಂಡು ನಿದ್ದೆ ಮಾಡಿದ್ದೇನೆ. ಅರ್ತ್ ಅಂದರೆ ಎಲ್ಲರಿಗೂ ಕ್ಲಾಂಪು ಅಂತಲೇ ಅರ್ಥ. ನಾನು ಆ ಪದದ ಹಿಂದೆ ಅಡಗಿಕೊಂಡೆ. ಮೂರನೇ ದಿನ, ಯಾರಾದರೂ ಬಿಚ್ಚಿ ನೋಡುವ ಮೊದಲೇ, ಪೀಡೆ ತೊಲಗಲಿ ಎಂದು ಮೆಷೀನನ್ನು ಪ್ಲಗ್ ಸಮೇತ ಗುಜರಿಗೆ ಹಾಕಿಬಿಟ್ಟೆ. ಅದನ್ನು ಕಂಡು ನೀನು, ನನ್ನ ತಪ್ಪಿಗೆ ಅಪ್ಪ ಮೆಷೀನನ್ನೇ ಕಳೆದುಕೊಂಡರು ಎಂದು ಅತ್ತಿದ್ದೆಯಂತೆ. ಅಮ್ಮ ಹೇಳಿದಳು. ಆಗಲೂ ನಾನು ತೆಪ್ಪಗಿದ್ದೆ.

ನೀನು ಶೀಲ್ಡು, ಗ್ಲೌಸು, ಸುತ್ತಿಗೆ ಎಲ್ಲ ಒರೆಸಿ ಕಪಾಟಿನಲ್ಲಿಟ್ಟು, ಇನ್ನು ಜನ್ಮದಲ್ಲಿ ವೆಲ್ಡಿಂಗ್ ಹೋಲ್ಡರ್ ಹಿಡಿಯುವುದಿಲ್ಲ ಎಂದು ಹೇಳಿ ದೊಡ್ಡಮ್ಮನ ಮನೆಗೆ ಹೊರಟ ದಿನ ನಾನೇ ನಿನ್ನನ್ನು ಬಸ್ಸಿಗೆ ಹತ್ತಿಸಿದೆ. ಬಸ್ಸು ಬರುವುದು ಮುಕ್ಕಾಲು ಗಂಟೆ ತಡವಾಯಿತು. ಮುಕ್ಕಾಲು ಗಂಟೆ, ಚೂಟಿ! ನಾನು ಕಿತ್ತಳೆ ಹಣ್ಣು ಸುಲಿದುಕೊಡುತ್ತ, ಕಿಟಕಿ ಪಕ್ಕ ಕೂರು, ತಲೆ ಹೊರಗೆ ಹಾಕಬೇಡ ಎಂದು ಬುದ್ಧಿ ಹೇಳುತ್ತ ನಿಂತಿದ್ದೆ. ನೀನು "ಚಿಕ್ಕಪ್ಪನ ಕೈ ನೋಡ್ಕೊಳ್ಳಿ ಅಪ್ಪ" ಅಂದೆ. ಹೂಂ ಅಂದೆ. ನಿನ್ನಷ್ಟು ನೀಟಾಗಿ ಬೆಸುಗೆ ಎಳೆಯುವವರನ್ನು ಈ ಊರಲ್ಲಿ ನಾನು ಕಂಡಿಲ್ಲ. ಅಂಥ ಕೈಯನ್ನು ನಾನು ಬ್ಯಾಗಿನ ಜಿಪ್ಪು ಹೊಲಿಯಲು ಕಳಿಸಿದೆ. ಚಿಕ್ಕಪ್ಪನ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಅವನ ಕೈ ಹಾಳಾದದ್ದು ನನ್ನ ಅವಸರದಿಂದ, ನಿನ್ನದು ನನ್ನ ಹೇಡಿತನದಿಂದ. ಅವಸರಕ್ಕೆ ಯಾರಾದರೂ ಕ್ಷಮೆ ಕೊಟ್ಟಾರು. ಇನ್ನೊಂದಕ್ಕೆ ಕೇಳುವ ಮುಖವೂ ನನಗಿಲ್ಲ.

ಬಾ ಎಂದು ಕರೆಯಲು ಬರೆಯುತ್ತಿಲ್ಲ. ಕ್ಷಮಿಸು ಅಂತ ಬರೆದು ನಿನ್ನ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದಿಲ್ಲ. ನಿನ್ನ ಕೆಲಸದಲ್ಲಿ ಅವತ್ತು ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಷ್ಟು ನಿನಗೆ ಗೊತ್ತಾಗಲಿ. ಶುಕ್ರವಾರ ಆ ಹನ್ನೆರಡು ಜನರ ಮುಂದೆ, ಹೊಸ ಪ್ಲಗ್ಗೊಂದನ್ನು ಬಿಚ್ಚಿ ಹಸಿರು ವೈರು ತೋರಿಸಿ, ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಅಕ್ಕಪಕ್ಕದ ಅಂಗಡಿಯವರನ್ನೂ ಕರೆಯುತ್ತೇನೆ, ಅವತ್ತು ಓಡಿಬಂದವರು ಅವರೇ ತಾನೇ. ಕೇಂದ್ರದವರು ಆಮೇಲೆ ಪಾಠ ನಿಲ್ಲಿಸಿದರೆ ನಿಲ್ಲಿಸಲಿ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಈ ಕಾಗದವನ್ನು ಅವರಿಗೂ ಓದಿ ಹೇಳು, ಮುಚ್ಚಿಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಣ್ಣು, ನಿನ್ನ ಕೈ ತಣ್ಣಗಿರಲಿ, ನೂರು ವರ್ಷ ಚೆನ್ನಾಗಿ ಬಾಳು ಮಗಳೇ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಬುಧವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಇದನ್ನು ಅಂಚೆಗೆ ಹಾಕಲು ಹೊರಡುವ ಮೊದಲು ಅಮ್ಮನಿಗೂ ಚಿಕ್ಕಪ್ಪನಿಗೂ ಓದಿದೆ. ಅಮ್ಮ "ಎರಡು ವರ್ಷ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ರಲ್ಲ" ಅಂದಳು, ಆಮೇಲೆ ನನ್ನೊಡನೆ ಮಾತಾಡಿಲ್ಲ. ಚಿಕ್ಕಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆಸ್ಪತ್ರೆಗೆ ನೀನು ನೋಡಲು ಹೋದಾಗ ಅವನು ನಿನ್ನ ಮೇಲಿನ ಸಿಟ್ಟಿಗೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದನಂತೆ, ನೀನು ಅರ್ಧ ಗಂಟೆ ನಿಂತಿದ್ದು ವಾಪಸು ಹೋದೆಯಂತೆ. ಅದನ್ನೇ ಹೇಳಿ ಹೇಳಿ ಅತ್ತ. ಅಂಚೆಯಲ್ಲಿ ಕಾಗದ ತಲುಪುವವರೆಗೆ ಕಾಯುವುದಿಲ್ಲ ಎಂದು ಹಟ ಹಿಡಿದು ಬ್ಯಾಗು ತುಂಬಿಸಿಕೊಂಡಿದ್ದಾನೆ. ಹತ್ತು ಗಂಟೆಯ ಬಸ್ಸು. ಇದನ್ನು ನಿನ್ನ ಕೈಗೆ ಕೊಡುವವನು ಅವನೇ. ನೀನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತಾನೆ, ಬಾಯಿ ಬಿಟ್ಟು ಏನೂ ಕೇಳಲಾರ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಅದು ನನಗೆ ಸೇರಬೇಕಾದ್ದೇ. ಅವನನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸಬೇಡ ಮಗಳೇ, ಬೇಗ ಒಳಗೆ ಕರೆ.