ಚೊಗರು ಬ್ಯಾಂಡಿನ ಸೋಲೋ ಯಾರದು?

ಕೊಪ್ಪ
12 ನವೆಂಬರ್ 2025, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆ ವಾರ್ಡಿನಲ್ಲಿ ನಿಂತು ನಿಂತು ಹಿಮ್ಮಡಿ ನೋಯುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ದಾವಣಗೆರೆ ಹಾಸ್ಟೆಲಿನ ಸಾರಿನಲ್ಲಿ ಬೇಳೆ ಕಾಣಿಸತೊಡಗಿತೇ? ಇಲ್ಲಿ ಅಪ್ಪನ ಕೆಮ್ಮು ನಿಂತಿದೆ. ಅಮ್ಮ ದಿನಾ ಅಡಿಕೆ ಸುಲಿಯಲು ಹೋಗುತ್ತಾಳೆ, ಅಡಿಕೆಯ ಚೊಗರು ಹತ್ತಿ ಬೆರಳು ಪೂರ್ತಿ ಕಪ್ಪು. ಮೆಸೇಜು ಕಳಿಸಿದರೆ ನೀನು ಓದುತ್ತೀಯ, ಉತ್ತರ ಕೊಡುವುದಿಲ್ಲ. ಎರಡು ನೀಲಿ ಗೀಟು ನೋಡಿ ನೋಡಿ ಸಾಕಾಗಿ ಈ ಕಾಗದ. ಲಕೋಟೆಯ ಬಾಯಿಗೆ ಅಂಟಿನ ಮೇಲೆ ಟೇಪೂ ಹಾಕಿದ್ದೇನೆ. ಟೇಪು ಎದ್ದಿದ್ದರೆ ನಿಮ್ಮ ವಾರ್ಡನ್ ಮೊದಲು ಓದಿದ್ದಾರೆ ಎಂದು ತಿಳಿ.

ಸುದ್ದಿಗೆ ಬರುತ್ತೇನೆ. ಈ ತಿಂಗಳ ಮೂವತ್ತಕ್ಕೆ ಕೊಪ್ಪದಲ್ಲಿ ಯುವಕ ಸಂಘದವರ ರಾಜ್ಯೋತ್ಸವ. ಭಾವಗೀತೆಗೂ ಕೋಲಾಟಕ್ಕೂ ನಡುವೆ ನಮ್ಮ ‘ಚೊಗರು’ ಬ್ಯಾಂಡಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಥ್ರಾಶ್ ಮೆಟಲ್ ಎಂದರೆ ಎಂಥ ಅಬ್ಬರದ ಸಂಗೀತವೆಂದು ಅವರಿಗೆ ಗೊತ್ತಿಲ್ಲ. ಗೊತ್ತಾಗುವ ಮೊದಲೇ ನಾವು ಹೂಂ ಎಂದುಬಿಟ್ಟೆವು. ಅವರು ಒಪ್ಪಿದ್ದು ನಾವು ಕಳಿಸಿದ ರೆಕಾರ್ಡಿಂಗಿನ ಮಧ್ಯೆ ಬರುವ ನಲವತ್ತು ಸೆಕೆಂಡಿನ ಗಿಟಾರ್ ಸೋಲೋ ಮಾತ್ರ ಕೇಳಿ. ಅದರ ಕೆಳಗೆ ‘ಲೀಡ್ ಗಿಟಾರ್: ಈಶಾನ’ ಎಂದು ಟೈಪ್ ಮಾಡಿದವನು ನಾನೇ. ಆದರೆ ಅಭ್ಯಾಸಕ್ಕೆ ಕೂತಾಗ ಆ ಜಾಗ ಬಂದರೆ ಸಾಕು, ಈಶಾನನ ತಂತಿ ಹರಿಯುತ್ತದೆ, ಇಲ್ಲವೇ ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಇಲ್ಲವೇ ಅವನ ಅಮ್ಮ ಕರೆಯುತ್ತಾರೆ. ಎನ್.ಆರ್.ಪುರದ ಬೈರಪ್ಪ ಡ್ರಮ್ಸ್ ನಿಲ್ಲಿಸಿ, “ನಿನ್ನ ಅಮ್ಮ ಬರೀ ಸೋಲೋಗೇ ಯಾಕೋ ಕರೀತಾರೆ?” ಎಂದು ಕೇಳಿಯೂಬಿಟ್ಟ. ಆವತ್ತಿನಿಂದ ನನಗೆ ನಿದ್ದೆಯಿಲ್ಲ. ದುಡಿದವರ ಹೆಸರು ದುಡಿಮೆಯ ಮೇಲಿರಬೇಕು ಎಂದು ಕಡಹಿನಬೈಲಿನ ಮನೆಮನೆಗೆ ಕರಪತ್ರ ಹಂಚುವವನು ನಾನು. ನನ್ನದೇ ಬ್ಯಾಂಡಿನಲ್ಲಿ ಯಾರದೋ ಕೈಯ ಕೆಲಸಕ್ಕೆ ಇನ್ಯಾರದೋ ಹೆಸರಿದ್ದರೆ ನಾನು ಯಾವ ಮುಖ ಹೊತ್ತು ಆ ವೇದಿಕೆ ಹತ್ತಲಿ?

ಹಾಗಾಗಿ ತನಿಖೆ ಶುರುಮಾಡಿದೆ. ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಈಶಾನನ ಎಡಗೈ ಹಿಡಿದು, ಹಸ್ತರೇಖೆ ನೋಡುವ ನೆಪದಲ್ಲಿ ಬೆರಳ ತುದಿ ಒತ್ತಿ ನೋಡಿದೆ. ಹಸ್ತರೇಖೆಯನ್ನು ನಾನು ನಂಬುವುದಿಲ್ಲ ಎಂಬುದು ನಿನಗೆ ಗೊತ್ತು. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿರಬೇಕಾದ ಬೆರಳು ಬೆಣ್ಣೆ. ಹಾಗಾದರೆ ಸೋಲೋವನ್ನು ಎಲ್ಲಿಂದಲೋ ಕೊಂಡು ತಂದಿದ್ದಾನೆ ಎಂದು ನಿರ್ಧರಿಸಿದೆ. ಹಿರೇಕೊಡಿಗೆಯ ತೋಟದ ಮನೆಯ ಹುಡುಗ, ಲ್ಯಾಪ್‌ಟಾಪೂ ಅವನದೇ, ಒಳ್ಳೆ ಗಿಟಾರೂ ಅವನದೇ. ನನ್ನ ನಿನ್ನ ಹಳೆಯ ಜಗಳ ನೆನಪಾಯಿತು. ಮೆಟಾಲಿಕಾ ಬ್ಯಾಂಡಿನ ಹೆಟ್‌ಫೀಲ್ಡ್ ಬಲಗೈಯಲ್ಲಿ ತಂತಿಯನ್ನು ಮೇಲಿಂದ ಕೆಳಕ್ಕೇ ಹೊಡೆದು ಹೊಡೆದು ಹಾಡನ್ನು ಹೊರುತ್ತಾನೆ, ಅವನು ಕೂಲಿಯವ, ಅವನೇ ದೊಡ್ಡವ ಎಂದು ನಾನು. ಅದು ಬರೀ ಕಸುವು, ಮೆಗಾಡೆತ್‌ನ ಮಸ್ಟೇನ್ ಹಾಡಿನುದ್ದಕ್ಕೂ ಮರುಕಳಿಸುವ ಅಂಥ ತಿರುವುಮುರುವಿನ ರಿಫ್ ನುಡಿಸುತ್ತಲೇ ಹಾಡುತ್ತಾನಲ್ಲ, ಕೈಚಳಕ ಅಂದರೆ ಅದು ಎಂದು ನೀನು. ಸ್ಲೇಯರ್‌ನ ಇಬ್ಬರು ಗಿಟಾರಿಸ್ಟರು ಸೋಲೋವನ್ನು ಹಂಚಿಕೊಂಡು ನುಡಿಸುತ್ತಾರೆ, ಅದೇ ನಿಜವಾದ ಸಮಾನತೆ ಎಂದು ನಾನಂದರೆ, “ಅವರಿಬ್ಬರೂ ಹಂಚ್ಕೊಳ್ಳೋದಲ್ಲ ಮಾರಾಯ, ಕಚ್ಚಾಡೋದು” ಎಂದು ನೀನು ನಕ್ಕಿದ್ದೆ. ಹೋದ ಯುಗಾದಿಯಲ್ಲಿ ನಮ್ಮ ಹಾಡಿಗೆ ನೀನು ಸೋಲೋ ಸೇರಿಸುತ್ತೇನೆ ಎಂದಾಗ ನಾನು ಎದ್ದು ನಿಂತು, ಸೋಲೋ ಎಂದರೆ ಖಾಸಗಿ ಆಸ್ತಿ, ಚೊಗರಿನಲ್ಲಿ ಆಸ್ತಿಗೆ ಜಾಗವಿಲ್ಲ ಎಂದು ಭಾಷಣ ಮಾಡಿದೆ. ನೀನು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಜೂನಿನಲ್ಲಿ ದಾವಣಗೆರೆಗೆ ಹೊರಟಾಗಲೂ ಅದನ್ನು ಒಯ್ಯಲಿಲ್ಲ.

ಹೋದ ಶನಿವಾರ ಶೃಂಗೇರಿ ಬಸ್ ಹತ್ತಿ ಗಿಟಾರ್ ಕಲಿಸುವ ರಘುಪತಿ ಮೇಷ್ಟ್ರ ಬಳಿ ಹೋದೆ. ಸೋಲೋ ಮಾರಿದ್ದು ಅವರೇ ಎಂದು ನನಗೆ ಖಾತ್ರಿಯಿತ್ತು. ಅವರು ಕಿವಿಗೆ ಹೆಡ್‌ಫೋನ್ ಇಟ್ಟು ಮೂರು ಸಲ ಕೇಳಿದರು. “ಇಂಥದ್ದು ನನ್ನ ಕೈಯಲ್ಲಿ ಬಂದಿದ್ರೆ ಮಾರ್ತಿರಲಿಲ್ಲ ಮಾರಾಯ, ಮನೆ ಬಾಗಿಲಿಗೆ ಬೋರ್ಡ್ ಹಾಕ್ಕೋತಿದ್ದೆ,” ಎಂದರು. ಇಷ್ಟು ವೇಗದಲ್ಲಿ ಎಲ್ಲರೂ ಒಂದು ಏಟು ಕೆಳಕ್ಕೆ, ಒಂದು ಮೇಲಕ್ಕೆ ಹೊಡೆದು ಶ್ರಮ ಉಳಿಸುತ್ತಾರಂತೆ. ಈ ಕೈ ಬರೀ ಕೆಳಕ್ಕೇ ಹೊಡೆಯುತ್ತದೆ. ಹೆಟ್‌ಫೀಲ್ಡ್ ರಿಫ್‌ನಲ್ಲಿ ಮಾಡುವುದನ್ನು ಇದು ಸೋಲೋದಲ್ಲಿ ಮಾಡುತ್ತಿದೆ, ಅದೂ ಮೂರು ಮೂರು ಏಟಿನ ಗುಂಪಾಗಿ, ಮೂರನೆಯದರಲ್ಲಿ ಕೂದಲೆಳೆಯಷ್ಟು ತಡ. “ಇದು ಕ್ಲಾಸಲ್ಲಿ ಕಲಿತ ಕೈ ಅಲ್ಲ. ಏನೋ ಬೇರೆ ಕೆಲಸ ಮಾಡಿದ ಕೈ,” ಎಂದರು. ಅವರ ಮೇಲಿನ ಅನುಮಾನ ಹೋಯಿತು, ಲೋಕದ ಮೇಲಿನದು ಹೆಚ್ಚಾಯಿತು.

ಮಾರನೆಯ ದಿನ ಮಧ್ಯಾಹ್ನ ಅಮ್ಮನಿಗೆ ಊಟ ಕೊಡಲು ಸುಲಿಯುವ ಚಪ್ಪರಕ್ಕೆ ಹೋಗಿದ್ದೆ. ಹತ್ತು ಮಂದಿ ಸಾಲಾಗಿ, ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ನಾನು ಒಂದು ಮೂಲೆಯಲ್ಲಿ ಫೋನಿನಲ್ಲಿ ಆ ಸೋಲೋವನ್ನೇ ಮತ್ತೆ ಹಾಕಿಕೊಂಡೆ. “ಇದೆಂತ ಗಲಾಟೆಯಾ, ನಿಲ್ಸು!” ಎಂದು ಅಮ್ಮ ಬೈದಳು. ನಿಲ್ಲಿಸಿದೆ. ಅವಳ ಕೈ ಅರ್ಧಕ್ಕೆ ನಿಂತಿತ್ತು. “ಇರು, ಇನ್ನೊಂದ್ಸಲ ಹಾಕು. ಇದು ನಮ್ಮ ಮಾಲತಿ ಸುಲಿಯೋದಲ್ಲನಾ?” ಪಕ್ಕದ ಸುಬ್ಬಿ ಅತ್ತೆ ನಕ್ಕು, “ನಿನಗೆ ಮಗಳ ನೆನಪಾದ್ರೆ ಮಿಕ್ಸಿಯಲ್ಲೂ ಅವಳೇ ಕೇಳ್ತಾಳೆ,” ಎಂದಳು. ಅಮ್ಮ ನಗಲಿಲ್ಲ. ಒಂದು ಅಡಿಕೆ ಎತ್ತಿ ಕತ್ತಿಗೆ ಒತ್ತಿ ತೋರಿಸಿದಳು: ಮೊದಲು ತುದಿ, ಆಮೇಲೆ ಪಕ್ಕ, ಮೂರನೆಯದಕ್ಕೆ ಸಿಪ್ಪೆ ಬಿಟ್ಟು ಅಡಿಕೆ ಬುಟ್ಟಿಗೆ. “ಎಲ್ಲರೂ ಬುಟ್ಟಿ ಬಲಗಡೆ ಇಟ್ಕೋತಾರೆ. ಅವಳೊಬ್ಬಳೇ ಎಡಗಡೆ. ಕೈ ಆಚೆಯಿಂದ ಈಚೆ ಬರ್ಬೇಕು, ಅದಕ್ಕೇ ಮೂರನೇದು ತಡ. ಹತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದೀನಿ, ನನಗೆ ಹೇಳ್ತೀಯಾ?” ನಾನು ಏನೂ ಹೇಳಿರಲಿಲ್ಲ.

ಅಲ್ಲಿಂದ ನೇರವಾಗಿ ಹಿರೇಕೊಡಿಗೆಗೆ ಹೋಗಿ, ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ ಈಶಾನನ ಕಾಲರ್ ಹಿಡಿದೆ. ನಮ್ಮಕ್ಕನ ದುಡಿಮೆ ಕದ್ದವನು ಎಂದೆ. ಅವನು ಸಿಟ್ಟಾಗಲಿಲ್ಲ. “ನಾನು ನುಡಿಸಿದ್ದು ಅಂತ ನಾನ್ಯಾವಾಗ ಹೇಳಿದ್ದು ಮಾರಾಯ? ದಸರಾ ರಜೆಯಲ್ಲಿ ನೀನು ಕರಪತ್ರ ಹಂಚೋಕೆ ಹೋಗಿದ್ದಾಗ ಮಾಲತಕ್ಕ ಬಂದು ನನ್ನ ಗಿಟಾರಲ್ಲಿ ಒಂದೇ ಸಲಕ್ಕೆ ನುಡಿಸಿ ಹೋದಳು. ‘ನಾನು ಅಂತ ಗೊತ್ತಾದ್ರೆ ಅವನು ತೆಗೆಸ್ತಾನೆ, ಹೇಳ್ಬೇಡ’ ಅಂದಳು. ಸೋಲೋ ಸೇರಿಸಿದ್ದೀನಿ ಅಂತ ಅಷ್ಟೇ ನಾನು ಹೇಳಿದ್ದು. ಅದನ್ನ ಕೇಳಿದ್ದೇ ತಡ, ನನ್ನ ಹೆಸರು ಹಾಕಿದವನು ನೀನು. ಯಾರು ನುಡಿಸಿದ್ದು ಅಂತ ಒಂದು ಮಾತು ಕೇಳಿದ್ಯಾ?” ಆಮೇಲೆ ತಲೆ ತಗ್ಗಿಸಿ, “ಹೊಗಳ್ತಿದ್ರು, ಸುಮ್ಮನಿದ್ದೆ. ಅದು ನನ್ನ ತಪ್ಪು,” ಎಂದ.

ನಾನು ಕೇಳಿರಲಿಲ್ಲ ಅಕ್ಕಾ. ಒಳ್ಳೆಯ ಗಿಟಾರ್ ಯಾರ ಮನೆಯಲ್ಲಿದೆಯೋ ಒಳ್ಳೆಯ ಕೈಯೂ ಅವನದೇ ಎಂದುಕೊಂಡೆ. ಇಷ್ಟೆಲ್ಲ ಓದಿ ಹಂಚಿದ ನಾನೇ! ನಿನ್ನದಾದರೆ ಖಾಸಗಿ ಆಸ್ತಿ ಎಂದದ್ದನ್ನು ಅವನದು ಎಂದುಕೊಂಡಾಗ ತಲೆದೂಗಿ ಒಪ್ಪಿದೆ. ಒಂದು ವಾರ ಊರವರ ಮೇಲೆಲ್ಲ ಅನುಮಾನಪಟ್ಟವನಿಗೆ ತನ್ನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಈಗ ಬಂದಿದೆ, ಕಡಿಮೆಯಾಗುವ ಲಕ್ಷಣವಿಲ್ಲ. ನಿನ್ನ ಮೇಲೂ ಸ್ವಲ್ಪ ಸಿಟ್ಟಿದೆ. ನನಗೆ ಎದುರು ನಿಂತು ಬೈದಿದ್ದರೆ ನಾನು ಎರಡು ದಿನ ಊಟ ಬಿಟ್ಟು ಮೂರನೆಯ ದಿನ ಒಪ್ಪುತ್ತಿದ್ದೆ.

ಅಮ್ಮ ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ. ಸುಬ್ಬಿ ಅತ್ತೆ ನೀನು ದಪ್ಪಗಾಗಿದ್ದೀಯಾ ಎಂದು ಕೇಳಿದ್ದಾಳೆ. ರಾತ್ರಿ ಡ್ಯೂಟಿ ಮುಗಿಸಿ ಉಪವಾಸ ಮಲಗಬೇಡ.

ನಿನ್ನ ತಮ್ಮ,
ಲಕ್ಷ್ಮೀಶ

ಮರೆತಿದ್ದೆ: ಪೋಸ್ಟರ್ 21ರ ಶುಕ್ರವಾರ ಪ್ರೆಸ್ಸಿಗೆ ಹೋಗುತ್ತದೆ. ಲೀಡ್ ಗಿಟಾರ್ ಎಂಬುದರ ಮುಂದೆ ‘ಮಾಲತಿ’ ಎಂದು ಬರೆದೆ. ಆಮೇಲೆ, ಇದನ್ನೂ ನಿನ್ನನ್ನು ಕೇಳದೆ ಬರೆದೆನಲ್ಲ ಎಂದು ಅಳಿಸಿದೆ. ಈಗ ಆ ಜಾಗ ಖಾಲಿಯಿದೆ. ನಿನ್ನ ಹೆಸರು ಹಾಕಲೇ, ಮೂವತ್ತಕ್ಕೆ ಬಂದು ನುಡಿಸುತ್ತೀಯಾ? ಮೆಸೇಜಿನಲ್ಲಿ ಹೂಂ ಅಥವಾ ಊಹೂಂ ಅಷ್ಟೇ ಹಾಕು, ಕಾರಣ ಕೇಳುವುದಿಲ್ಲ. ಊಹೂಂ ಆದರೆ ಬೈರಪ್ಪ ಡ್ರಮ್ಸ್ ಬಾರಿಸುತ್ತಾನೆ, ಆ ನಲವತ್ತು ಸೆಕೆಂಡು ನಾನೂ ಈಶಾನನೂ ಕೈಕಟ್ಟಿ ನಿಲ್ಲುತ್ತೇವೆ, ಅಲ್ಲಿ ಬೇರೆ ಯಾರೂ ನುಡಿಸುವುದಿಲ್ಲ. ನಿನ್ನ ಗಿಟಾರಿಗೆ ಹೊಸ ತಂತಿ ಹಾಕಿಟ್ಟಿದ್ದೇನೆ. ಅದು ಒತ್ತಾಯವಲ್ಲ, ಹಳೆಯದು ತುಕ್ಕು ಹಿಡಿದಿತ್ತು.