ಎತ್ತು ತಂದಾಂವ

ನವಲಗುಂದ ತಾಲೂಕು,
ಬೆಣ್ಣಿಹಳ್ಳದ ಬಾಜು, ನಮ್ಮ ಹೊಲ
ತಾ. ೯-೨-೨೦೨೫

ಪ್ರೀತಿಯ ಅಕ್ಕ ರೋಹಿಣಿಗೆ ತಮ್ಮ ಈರೇಶನ ನಮಸ್ಕಾರ. ಪ್ರೀತಿಯ ಅಂತ ಬರೆಯುವುದು ರೂಢಿ, ಅದಕ್ಕೆ ಬರೆದೆ.

ನೀನು ಆರಾಮ ಇದ್ದಿ ಅಂತ ತಿಳಿದಿದ್ದೇನೆ. ಹಾಸ್ಟೆಲ್ ಊಟಕ್ಕೆ ನಿನ್ನ ಹೊಟ್ಟೆ ಉರಿಯುತ್ತಿತ್ತಲ್ಲ, ಕಡಿಮೆ ಆಯಿತೋ ಇಲ್ಲೋ ಕೇಳು ಅಂತ ಅವ್ವ ಹೇಳಿದಳು, ಕೇಳಿದ್ದೇನೆ. ನನ್ನ ಹೊಟ್ಟೆಯ ಉರಿ ಬೇರೆ, ಅದನ್ನು ಕೆಳಗೆ ಬರೆದಿದ್ದೇನೆ. ಅಪ್ಪ ಗಟ್ಟಿ ಇದ್ದಾನೆ. ಅವ್ವನ ಬಲಗಣ್ಣಿನ ಪೊರೆ ತೆಗೆದರು. ಈಗ ಅಕ್ಕಿಯಲ್ಲಿಯ ಹಳ್ಳು ತಾನೇ ಆರಿಸುತ್ತೇನೆ ಅಂತ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಕಡಲೆ ಕಿತ್ತು ಮುಗಿಯಿತು. ರಾಜಾ ಸ್ವಲ್ಪ ಕುಂಟುತ್ತಿದ್ದ, ಹೊಸ ಲಾಳ ಹೊಡೆಸಿದ ಮೇಲೆ ನೆಟ್ಟಗಾದ. ಮಾಣಿಕನಿಗೆ ಏನೂ ಆಗಿಲ್ಲ, ಅವನಿಗೆ ಯಾವತ್ತೂ ಏನೂ ಆಗುವುದಿಲ್ಲ, ನಿನ್ನ ಹಾಗೆ. ಎತ್ತಿನ ಸುದ್ದಿ ಬರೆದಾಯಿತು, ಈಗ ನಿನಗೆ ಸಮಾಧಾನ ಆಗಿರಬೇಕು.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ತಡೆಯುತ್ತಿ. ಕಾಗದದಲ್ಲಿ ನನ್ನ ಕೈಯಿಂದ ಮೈಕ್ ಕಸಿಯಲು ನಿನಗೆ ಬರುವುದಿಲ್ಲ. ಕಾಗದ ಅಂದ ಮೇಲೆ ನೆಟ್ಟಗಿನ ಭಾಷೆಯಲ್ಲಿ ಬರೆಯಬೇಕು ಅಂತ ನೀನೇ ಕಲಿಸಿದ್ದಿ, ಹಾಗೆಯೇ ಬರೆಯುತ್ತಿದ್ದೇನೆ. ಸಿಟ್ಟು ಬಂದ ಕಡೆ ನಮ್ಮ ಮಾತು ಬಂದೀತು, ತಡಕೋ.

ಮೊನ್ನೆ ನೀನು ಅಪ್ಪನಿಗೆ ಫೋನ್ ಮಾಡಿ, ಈ ವರ್ಷವೂ ಯೂನಿವರ್ಸಿಟಿಯ ಹಳ್ಳಿ ಹಬ್ಬಕ್ಕೆ ನಮ್ಮ ಎತ್ತಿನ ಜೋಡಿ ಬೇಕು ಅಂದಿಯಂತೆ. ಅಪ್ಪ ನನ್ನ ಎದುರಿಗೇ ಕೂತು ಹೇಳಿದ, “ಎತ್ತ ಮೇಸಾಂವ ಅವ. ಅವನ್ನ ಕೇಳವಾ.” ಹತ್ತೊಂಬತ್ತು ವರ್ಷದಲ್ಲಿ ಈ ಮನೆಯಲ್ಲಿ ನನ್ನನ್ನು ಕೇಳಿ ಮಾಡುವ ಕೆಲಸ ಇದೇ ಮೊದಲು. ನೀನು ಕೇಳಲಿಲ್ಲ. “ಅವಗೇನ ಕೇಳೂದು, ಹೂಂ ಅಂತಾನ ತಗೋ” ಅಂದು ಫೋನ್ ಇಟ್ಟಿ. ಸ್ಪೀಕರ್ ಹಚ್ಚಿದ್ದರು ಅಕ್ಕ, ನನಗೆ ಕೇಳಿಸಿತು.

ಹೋದ ವರ್ಷದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ತಿಂಗಳುಗಟ್ಟಲೆ ಫೋನಿನಲ್ಲಿ ನಿನ್ನದು ಒಂದೇ ಭಜನೆ ಇತ್ತು. ಮೊದಲು ಹಬ್ಬ ಅಂದರೆ ದೊಡ್ಡವರ ಭಾಷಣ, ಹಾರ, ಶಾಲು, ಹುಡುಗರು ಬಿಸಿಲಲ್ಲಿ ಕೂತು ಚಪ್ಪಾಳೆ ಹೊಡೆಯಬೇಕು. ಇನ್ನು ಹಾಗಲ್ಲ, ಈ ಯೂನಿವರ್ಸಿಟಿ ವಿದ್ಯಾರ್ಥಿಗಳದ್ದು ಅನಿಸಬೇಕು, ಆ ದಿವಸ ಸ್ಟೇಜು, ಮೈಕು, ಬಂಡಿ ಎಲ್ಲ ವಿದ್ಯಾರ್ಥಿಗಳ ಕೈಯಲ್ಲೇ, ಹೊರಗಿನವರು ಸಾಮಾನು ಕೊಟ್ಟು ಸರಿದು ನಿಲ್ಲಬೇಕು ಅಂತ ನಿಮ್ಮ ಕಮಿಟಿಯಲ್ಲಿ ನೀನೇ ರೂಲ್ ಮಾಡಿದಿ. ನಾನು ಕೇಳಿ ಹೂಂ ಹೂಂ ಅಂದೆ. ಹೊರಗಿನವರು ಅಂದರೆ ನಾನೇ ಅಂತ ನನಗೆ ಹೊಳೆಯಲಿಲ್ಲ.

ಚಲೋ ಅರಿವಿ ಹಾಕಿಕೊಂಡು ಬಾ ಅಂದಿದ್ದಿ. ದೀಪಾವಳಿಗೆ ತಂದ ಜೀನ್ಸ್ ಪ್ಯಾಂಟಿಗೆ ಇಸ್ತ್ರಿ ಮಾಡಿಸಿ ಹಾಕಿಕೊಂಡೆ. ಗೆಳೆಯ ಇಮಾಮುದ್ದೀನ ತನ್ನ ಪಿಕಪ್ಪಿನಲ್ಲಿ ಎತ್ತು ಹತ್ತಿಸಿದ, ದಾರಿ ತುಂಬ ನನ್ನ ಪ್ಯಾಂಟಿಗೆ ನಕ್ಕ. ನಿಮ್ಮ ಗೇಟಿನ ಒಳಗೆ ಬಂದು ನೋಡಿದರೆ ಹುಡುಗರೆಲ್ಲ ಧೋತರ, ರುಮಾಲು, ಕೊರಳಲ್ಲಿ ಕರಿದಾರ. ಹುಡುಗಿಯರೆಲ್ಲ ಇಳಕಲ್ ಸೀರೆ, ಮೂಗಿನಲ್ಲಿ ಒತ್ತಿಕೊಂಡ ನತ್ತು. ಅದರ ಮೇಲೆ ಎಲ್ಲರ ಕೊರಳಲ್ಲೂ ಸ್ಟೂಡೆಂಟ್ ಕಾರ್ಡು. ಇಡೀ ಯೂನಿವರ್ಸಿಟಿಯಲ್ಲಿ ಹಳ್ಳಿಯವನ ಹಾಗೆ ಕಾಣದವನು ನಾನೊಬ್ಬನೇ. ಎತ್ತು ಇಳಿಸುವಾಗ ನಿಮ್ಮ ಮಯೂರ ಬಂದು, ನಾನು ಯಾವನೋ ಸ್ಟೂಡೆಂಟ್ ಅಂತ ತಿಳಿದು, “ಏನಪಾ, ಡ್ರೆಸ್ ಹಾಕ್ಕೊಂಡ ಬರಾಕ ಏನಾಗಿತ್ತು ನಿನಗ?” ಅಂದ. ನನಗೆ. ಸಗಣಿ ಬಳಿದ ಕೈಯಿಂದ ಅವನ ರುಮಾಲು ಬಿಚ್ಚಿ ಕೈಗೆ ಕೊಡಬೇಕು ಅನಿಸಿತ್ತು. ನೀನು ಎಲ್ಲಿದ್ದಿ ಅಂತ ಹುಡುಕಿದೆ. ದೂರದಿಂದ ಸೀರೆ ಉಟ್ಟವರೆಲ್ಲ ಒಂದೇ ಥರ ಕಂಡರು, ಮುಖ ಗುರುತು ಸಿಗಲಿಲ್ಲ. ನೀನು ಮೈಕಿನಲ್ಲಿ ಮಾತಾಡಿದ ಮೇಲೆ ದನಿಯ ಮೇಲೆ ಗೊತ್ತಾಯಿತು.

ನೀವು ತರಿಸಿ ಇಟ್ಟಿದ್ದ ಬಂಡಿ ಕಟ್ಟಿದೆ. ನೊಗ ಹೂಡಿ, ಗೊಂಡೆ ಸರಿ ಮಾಡಿ, ಹತ್ತಬೇಕು ಅನ್ನುವಾಗ ಬಂಡಿ ಮಯೂರ ಹೊಡೆಯುತ್ತಾನೆ ಅಂದಿ. ಧಾರವಾಡದ ಕೃಷ್ಣಾಜಿ ವಕೀಲರ ಮಗ, ಎತ್ತಿನ ಬಾಲ ಮುಟ್ಟಿದವನಲ್ಲ. ಸರಿ, ನೋಡೋಣ ಅಂತ ಸರಿದು ನಿಂತೆ. ಖರೇ ಹೇಳುತ್ತೇನೆ, ರಾಜಾನ ಕಿವಿಯಲ್ಲಿ ಒಂದು ಹೆಜ್ಜೆಯೂ ಇಡಬೇಡ ಅಂತ ಹೇಳಿ ಬಂದಿದ್ದೆ. ಮಯೂರ ಹಗ್ಗ ಹಿಡಿದ. ನಾಲಿಗೆಯನ್ನು ಅಂಗುಳಕ್ಕೆ ಬಡಿದು ಎರಡು ಸಲ ಟಕ್ ಟಕ್ ಅನಿಸಿದ, ಆಮೇಲೆ ಮೆಲ್ಲಗೆ, “ನಡಿಯಪಾ ನನ್ನ ರಾಜಾ” ಅಂದ. ಎರಡೂ ಎತ್ತು ಅವನೇ ಹುಲ್ಲು ಹಾಕಿ ಬೆಳೆಸಿದವನೇನೋ ಅನ್ನುವ ಹಾಗೆ ಗೋಣು ಹಾಕುತ್ತ ನಡೆದವು. ಅದು ನಮ್ಮ ಅಜ್ಜನ ಕರೆ ಅಕ್ಕ. ಅಜ್ಜ ಅಪ್ಪನಿಗೆ ಕೊಟ್ಟ, ಅಪ್ಪ ನಿನಗೂ ನನಗೂ ಕೊಟ್ಟ. ಓಣಿಯಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಅದನ್ನು ಅವನಿಗೆ ಕಲಿಸಿದವಳು ನೀನು. ಎಷ್ಟು ದಿವಸ ಕಲಿಸಿದಿ, ಎಲ್ಲಿ ಕೂತು ಕಲಿಸಿದಿ, ನಾನು ಕೇಳುವುದಿಲ್ಲ. ಎತ್ತಿಗೆ ಬುದ್ಧಿ ಇಲ್ಲ, ನಿನಗೆ ಇತ್ತಲ್ಲ.

ಅದನ್ನೂ ನುಂಗಿದೆ. ಆಮೇಲೆ ಸಂಜೆಗೆ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಎಲ್ಲರೂ ಸುತ್ತ ಕೂತಿರಿ. ಕೇಳೂಣು ಬರ್ರಿ ಅಂತ ಅದಕ್ಕೆ ಹೆಸರು ಇಟ್ಟಿದ್ದಿರಿ. ನಿಮ್ಮ ಕುಲಪತಿ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಮೈಕು ಒಬ್ಬರ ಕೈಯಿಂದ ಒಬ್ಬರಿಗೆ ಹೋಗುತ್ತಿತ್ತು, ಏನು ಬೇಕು, ಏನು ಬೇಡ, ಯಾರು ಬೇಕಾದರೂ ಹೇಳಬಹುದು. ವೃಂದಾ ಅನ್ನುವ ಹುಡುಗಿ ಲೈಬ್ರರಿ ಇನ್ನೂ ಎರಡು ತಾಸು ತೆರೆದಿರಲಿ ಅಂದಳು. ಒಬ್ಬ ಚಹಾದ ಅಂಗಡಿಗೆ ನೆರಳು ಬೇಕು ಅಂದ. ನನ್ನ ವಯಸ್ಸಿನವನೇ ಒಬ್ಬ, ಲ್ಯಾಬಿನಲ್ಲಿ ತನಗೆ ಅರ್ಥವಾಗದ್ದನ್ನು ಎರಡನೇ ಸಲ ಕೇಳಿದರೆ ಬೈಯುತ್ತಾರೆ ಅಂದ. ತಲೆಯೆಲ್ಲ ಬೆಳ್ಳಗಾದ ಆ ಮನುಷ್ಯ ಅದನ್ನು ಬರೆದುಕೊಂಡ. “ನಿಂದು ಖರೇ ಐತಿ ತಮ್ಮಾ, ನಾ ನೋಡತೇನಿ” ಅಂದ. ಅವತ್ತು ನನಗೆ ನಿಮ್ಮ ಕಟ್ಟಡ ಬೇಡವಾಗಿತ್ತು, ನಿಮ್ಮ ಊಟ ಬೇಡವಾಗಿತ್ತು. ಆ ಹುಡುಗನ ಜಾಗ ಬೇಕಾಗಿತ್ತು. ನನ್ನ ಸಾಲಿಯಲ್ಲಿ ಮಾಸ್ತರರು ಏನೂ ಕೇಳಲಿಲ್ಲ. ಮಾರ್ಕ್ಸ್ ನೋಡಿ ಬೆಂಚಿಗೆ ಕೂಡಿಸಿದರು, ನಿನ್ನ ವರ್ಗದಲ್ಲಿ ನಿನ್ನನ್ನು ಮುಂದೆ, ನನ್ನ ವರ್ಗದಲ್ಲಿ ನನ್ನನ್ನು ಹಿಂದಿನ ಗೋಡೆಗೆ. ಬಾಜುವಿನ ಇಮಾಮುದ್ದೀನನ ನೋಟ್‌ಬುಕ್ ನೋಡಿ ಬರೆದರೆ ಕಾಪಿ ಹೊಡೆಯುತ್ತಾನೆ ಅಂತ ಬಡಿದರು. ಒಂಬತ್ತನೆಯ ಇಯತ್ತೆಯ ನಡುವೆ ಪಾಟಿಚೀಲ ಒಗೆದು ಸಾಲಿ ಬಿಟ್ಟು ಬಂದೆ. ಯಾಕೆ ಬಿಟ್ಟೆ ಅಂತ ಮನೆಯಲ್ಲೂ ಯಾರೂ ಕೇಳಲಿಲ್ಲ, ಎತ್ತಿನ ಹಗ್ಗ ಕೊಟ್ಟರು.

ಆ ಮೈಕು ಸುತ್ತಿ ಸುತ್ತಿ ನನ್ನ ಕೈಗೆ ಬಂತು. ಪ್ಯಾಂಟು ನೋಡಿ ಕೊಟ್ಟಿರಬೇಕು. ಕುಲಪತಿ ನನ್ನ ಕಡೆ ತಿರುಗಿ, “ಹೇಳಪಾ, ನಿನಗೇನ ಬೇಕು?” ಅಂದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀನು ಎದ್ದು ಬಂದು ಮೈಕು ತೆಗೆದುಕೊಂಡು, “ಇವರು ಸ್ಟೂಡೆಂಟ್ ಅಲ್ರಿ ಸರ್. ಎತ್ತ ತಂದಾರ” ಅಂದಿ. ಇವರು. ಹುಟ್ಟಿದಾಗಿನಿಂದ ಲೇ ಅಂದವಳು ಅವತ್ತು ನನಗೆ ಅಷ್ಟು ಮರ್ಯಾದೆ ಕೊಟ್ಟಿ. ತಮ್ಮ ಅನ್ನಲು ಎಷ್ಟು ಹೊತ್ತು ಹಿಡಿಯುತ್ತಿತ್ತು? ಮೈಕು ಮಯೂರನ ಕೈಗೆ ಹೋಯಿತು, ಅವನು ಏನೋ ಹೇಳಿ ಎಲ್ಲರನ್ನೂ ನಗಿಸಿದ.

ಆಮೇಲೆ ರೊಟ್ಟಿ, ಎಣ್ಣೆಗಾಯಿ ಹಾಕಿಕೊಂಡು ತಾಟು ತಂದು ಪಿಕಪ್ಪಿನ ಹತ್ತಿರ ನಿಂತಿ. “ರೂಲ್ ಮಾಡಿದಾಕಿ ನಾನ. ನಾನ ನಮ್ಮ ಮನಿಯವರ ಸಲುವಾಗಿ ಮುರದ್ರ ಹೆಂಗಲೇ?” ಅಂದಿ. ನಾನು ಉಣ್ಣದೆ ಬಂದೆ, ನನ್ನ ಪಾಲಿನದನ್ನೂ ಇಮಾಮುದ್ದೀನ ಉಂಡ. ರೂಲ್ ಖರೇ ಇರಬಹುದು. ಆದರೆ ನನಗೆ ಸಿಟ್ಟು ಅದಕ್ಕಷ್ಟೇ ಅಲ್ಲ. ಮೈಕು ಕೈಯಲ್ಲಿ ಇದ್ದಾಗ ನನ್ನ ಬಾಯಲ್ಲಿ ಏನೂ ಇರಲಿಲ್ಲ. ಅಷ್ಟು ಮಂದಿಗೆ ಏನೇನೋ ಬೇಕಾಗಿತ್ತು, ನನಗೇನು ಬೇಕು ಅಂತ ನನಗೇ ಗೊತ್ತಿರಲಿಲ್ಲ. ನೀನು ಕಸಿದಿದ್ದರಿಂದ ನನ್ನ ಮಾನ ಉಳಿಯಿತು. ಅದಕ್ಕೇ ಇನ್ನೂ ಸಿಟ್ಟು. ನೀನು ಈ ಸಲದ ದೀಪಾವಳಿಗೆ ಬಂದಾಗ ನಾನು ಹೊಲದಲ್ಲೇ ಉಳಿದದ್ದು ಬೆಳೆ ಕಾಯಲು ಅಲ್ಲ, ನಿನ್ನ ಕೊರಳಿನ ಕಾರ್ಡು ನೋಡಬಾರದು ಅಂತ.

ಅದಕ್ಕೆ ಈ ಸಲ ನೀನು ಕೇಳದೆ ಇದ್ದರೂ ಹೇಳುತ್ತೇನೆ. ಎತ್ತು ಬರುವುದಿಲ್ಲ. ಮಯೂರನಿಗೆ ಅಜ್ಜನ ಕರೆ ಬರುತ್ತದಲ್ಲ, ಎಲ್ಲಿಯಾದರೂ ನಿಂತು ಕರೆಯಲಿ, ಯಾವ ಎತ್ತು ಬರುತ್ತದೆ ನೋಡಲಿ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಶೇಂಗಾ ಹಿಂಡಿಯ ಡಬ್ಬಿ ಇಮಾಮುದ್ದೀನನ ಕೈಯಲ್ಲಿ ಕಳಿಸುತ್ತಾಳೆ, ಹಾಸ್ಟೆಲಿನಲ್ಲಿ ಎಲ್ಲರಿಗೂ ಹಂಚಿ ಖಾಲಿ ಮಾಡಬೇಡ. ಸಣ್ಣವನು ದೊಡ್ಡವಳಿಗೆ ಆಶೀರ್ವಾದ ಮಾಡಲು ಬರುವುದಿಲ್ಲ, ಇಲ್ಲದಿದ್ದರೆ ನಾನೂ ಏನಾದರೂ ಬರೆಯುತ್ತಿದ್ದೆ.

ಇಂತಿ,
ಎತ್ತು ತಂದಾಂವ
ಈರೇಶ ಕುಬೇರಪ್ಪ

ತಾ.ಕ. — ಇಮಾಮುದ್ದೀನ ಹೊರಗ ಹಾರ್ನ್ ಹೊಡ್ಯಾಕತ್ತಾನ, ಲಗೂನ ಬರೀತೇನಿ. ಅವ್ವನ ಕಣ್ಣಿನ ಕ್ಯಾಂಪಿಗೆ ಹ್ವಾದಾಗ ಅಲ್ಲಿ ನರ್ಸಬಾಯಿ ಸುಮ್ಮನ ನನ್ನ ನೋಡಿ, “ನಿಮಗ ನೆಟ್ಟಗ ಕಾಣಸ್ತೈತೇನ್ರಿ?” ಅಂದ್ಲು. ಗ್ವಾಡಿ ಮ್ಯಾಲಿನ ಅಕ್ಷರ ಓದಸಿದ್ಲು. ಮ್ಯಾಲಿನ ದೊಡ್ಡದೊಂದ ಬಿಟ್ರ ಯಾವುದೂ ಕಾಣಲಿಲ್ಲ. ಚಷ್ಮಾ ನಿನ್ನೆ ಬಂತು. ಹಾಕ್ಕೊಂಡ ಹೊಲದಾಗ ನಿಂತ್ರ ಹಳ್ಳದ ಆಚಿ ನಮ್ಮ ಸಾಲಿ ಗ್ವಾಡಿ ಮ್ಯಾಲ ಬರದಿದ್ದು ಓದಾಕ ಬರ್ತೈತಿ. ಅಲ್ಲಿ ಬರದಿದ್ದೈತಿ ಅನ್ನೂದ ನನಗ ಗೊತ್ತಿರಲಿಲ್ಲ. ನನಗ ಬೋರ್ಡ್ ಕಾಣಸ್ತಿದ್ದಿಲ್ಲ ಅಕ್ಕ. ಎಲ್ಲಾರಿಗೂ ಹಂಗ ಇರ್ತೈತಿ, ನನಗಷ್ಟ ತಲಿ ಇಲ್ಲ ಅಂತ ತಿಳದಿದ್ದೆ. ನಿಮ್ಮ ಕುಲಪತಿ ಕೇಳಿದ್ದಕ್ಕ ಹೇಳೂದು ನನಗೀಗ ಸಿಕ್ಕೈತಿ. ಎತ್ತ ಕೊಡತೇನಿ. ಬಂಡಿ ಮಯೂರನ ಹೊಡೀಲಿ. ಆದ್ರ ಮೊದಲ ನೀ ನಿನ್ನ ಕಮಿಟಿ ಕರಕೊಂಡ ಆ ಮೈಕ್ ನಮ್ಮ ಸಾಲಿಗೆ ತಗೊಂಡ ಬಾ. ಹುಡುಗೂರನ್ನ ಸುತ್ತ ಕೂಡಸಿ ಕೇಳು. ಮುಂದ ಕುಂತಾವ್ರಿಂದ ಸುರು ಮಾಡಬ್ಯಾಡ, ಗ್ವಾಡಿಗೆ ಕುಂತಾವ್ರಿಂದ ಸುರು ಮಾಡು. ಅವ್ರು ಬಾಯಿ ತಗದು ಸುಮ್ಮನ ನಿಂತ್ರ ಮೈಕ್ ಕಸೀಬ್ಯಾಡ, ಸ್ವಲ್ಪ ತಡಿ.