ಮುದ್ರೆಯ ಸಂದಿಯ ಕೆಂಪು

ಸಹಕಾರನಗರ
೨೦ ನವೆಂಬರ್ ೨೦೨೪

ವಂದನಾಳ ಅಪ್ಪನಿಗೆ, ಸತ್ಯವತಿಯ ನಮಸ್ಕಾರ.

ಕಳೆದ ಭಾನುವಾರ ಬೆಳಿಗ್ಗೆ, ಇಲ್ಲಿನ ಸಮುದಾಯ ಭವನದಲ್ಲಿ ನಡೆದ ನಿಮ್ಮ ಹಳೆಯ ಚಾಕು ಸಂಗ್ರಾಹಕರ ಸಂಘದ ಪ್ರದರ್ಶನದಲ್ಲಿ, ಮೈಕು ಹಿಡಿದು ನೀವು ನನ್ನ ಅಪ್ಪನ ಮಡಚುವ ಚಾಕುವನ್ನು ನಕಲಿ ಎಂದಿರಿ. "ಕಂಪನಿ ಮುದ್ರೆ ಸಂದೀಲಿ ಕೆಂಪು ನೋಡಿ. ಹೊಸ ಅಕ್ಷರಕ್ಕೆ ಬಣ್ಣ ತುಂಬಿ ಹಳೇ ತುಕ್ಕು ಅಂತ ನಂಬಿಸ್ತಾರೆ. ಇದು ಮಾಮೂಲಿ ಕಳ್ಳಾಟ" ಎಂದು ಎತ್ತಿ ತೋರಿಸಿದಿರಿ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಅದು ಯಾರದೆಂದು ಆಗ ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಪರೀಕ್ಷಕರಿಗೆ ಮಾಲೀಕರ ಹೆಸರು ತಿಳಿಯಬಾರದೆಂಬ ನಿಯಮ ನಿಮ್ಮದೇ. ಆದರೆ ಆಮೇಲೆ ಕಾರ್ಯದರ್ಶಿ ಜಯಂತ್ ನನ್ನ ಹೆಸರನ್ನೂ ಅಪ್ಪ ಅನಂತರಾಜು ಅವರ ಹೆಸರನ್ನೂ ಓದಿ, "ಏನ್ ಸಾರ್, ಮಾವನ ಮನೆ ಮಾಲೇ ಡೂಪ್ಲಿಕೇಟಾ?" ಎಂದಾಗ ಸಭೆ ನಕ್ಕಿತು. ನೀವು ಕನ್ನಡಕ ಒರೆಸುತ್ತ ಕೂತಿರಿ. ಇನ್ನೊಮ್ಮೆ ನೋಡುತ್ತೇನೆ ಎನ್ನಬಹುದಿತ್ತು.

ಸುದ್ದಿ ನನ್ನ ತವರು ತಣಿಸಂದ್ರಕ್ಕೆ ನನಗಿಂತ ಮೊದಲು ತಲುಪಿತು. ಮುನಿಶಾಮಮ್ಮತ್ತೆ ಫೋನು ಮಾಡಿ, "ನಮ್ಮಣ್ಣ ಸುಳ್ಳು ಸಾಮಾನಿಟ್ಕೊಂಡು ದೊರೆ ಕೊಟ್ಟಿದ್ದು ಅಂತಿದ್ನಾ, ಸತ್ಯಮ್ಮ? ಅಂಗಾದ್ರೆ ಊರೋರು ಏನಂದ್ಕೊಂತಾರೆ?" ಎಂದರು. ಅಪ್ಪ ಹೋಗಿ ವರ್ಷವಾಗಿಲ್ಲ. ಜೀವಮಾನದಲ್ಲಿ ಒಂದು ಸುಳ್ಳೂ ಹೇಳದ ಮನುಷ್ಯನ ಬಗ್ಗೆ ಅವರ ತಂಗಿಯೇ ಹೀಗೆ ಕೇಳುವಂತಾಯಿತು.

ಆ ಕೆಂಪು ಏನೆಂದು ಹೇಳುತ್ತೇನೆ. ಮಿಲಿಟರಿ ಕ್ಯಾಂಪಿಗೆ ತರಕಾರಿ ಹಾಕುತ್ತಿದ್ದ ನಮ್ಮ ತಾತನಿಗೆ ಒಬ್ಬ ಬಿಳಿ ಅಧಿಕಾರಿ ತನ್ನ ದೇಶಕ್ಕೆ ಹೊರಟಾಗ ಕೊಟ್ಟುಹೋದ ಚಾಕು ಅದು. ಅಷ್ಟು ಚೆಂದದ ಮುತ್ತಿನ ಚಿಪ್ಪಿನ ಹಿಡಿಯಿರುವುದನ್ನು ತೋಟದ ಕೆಲಸಕ್ಕೆ ಬಳಸಲು ಮನಸ್ಸಾಗದೆ ಅವರು ಪೆಟ್ಟಿಗೆಯಲ್ಲಿಟ್ಟರು. ಹೊರಗೆ ಬರುತ್ತಿದ್ದದ್ದು ಆಯುಧಪೂಜೆಗೆ ಮಾತ್ರ. ಕುಡುಗೋಲು, ಮಚ್ಚು, ಗುದ್ದಲಿಯ ಪಕ್ಕದಲ್ಲಿ ಅದನ್ನೂ ಬಿಚ್ಚಿಟ್ಟು, ಅಲಗಿನ ಬುಡದಲ್ಲಿ, ಸರಿಯಾಗಿ ಆ ಇಂಗ್ಲಿಷ್ ಅಕ್ಷರಗಳ ಮೇಲೆ, ತಾತ, ಆಮೇಲೆ ಅಪ್ಪ ಕುಂಕುಮ ಇಡುತ್ತಿದ್ದರು. ಎರಡು ತಲೆಮಾರಿನ ಕುಂಕುಮ ಸ್ವಾಮಿ ಅದು. ಮದುವೆಯಾದ ಹೊಸದರಲ್ಲಿ ನೀವೂ ಅದಕ್ಕೆ ಕೈ ಮುಗಿದಿದ್ದೀರಿ. ಚೆಂಡುಹೂವಿನಡಿ ಮುಚ್ಚಿಹೋಗಿದ್ದರಿಂದ ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ನಂಬಬೇಡಿ, ಪರೀಕ್ಷಿಸಿ. ಕಡ್ಡಿಯ ತುದಿಯಿಂದ ಒಂದಿಷ್ಟು ಪುಡಿ ಕೆರೆದು ಬಿಳಿ ತಟ್ಟೆಗೆ ಹಾಕಿ ನಿಂಬೆರಸ ಹಿಂಡಿದೆ. ಹಳದಿಗೆ ತಿರುಗಿತು. ಅರಿಸಿನದಿಂದ ಮಾಡಿದ ಹಳೆಯ ಕುಂಕುಮ ಹಾಗೆ ತಿರುಗುತ್ತದೆ, ನಕಲಿಗೆ ತುಂಬುವ ಬಣ್ಣ ಹಾಗೆ ತಿರುಗುವುದಿಲ್ಲ. ಹೆದರಬೇಡಿ, ಉಕ್ಕಿಗೆ ಹನಿಯೂ ತಾಗಿಸಿಲ್ಲ. ಇನ್ನು ಮಡಚುವಾಗಿನ ಸದ್ದು: ಟಪ್ ಎಂದು ಒಂದೇ ಸದ್ದು, ಸ್ಪ್ರಿಂಗು ಇನ್ನೂ ಅಷ್ಟು ಬಿಗಿ. ಹಿಡಿಯ ಮೊಳೆಗಳನ್ನು ಯಾರೂ ಬಿಚ್ಚಿಲ್ಲ.

ಇದನ್ನೆಲ್ಲ ನೋಡಲು ಕಲಿಸಿದವರು ನೀವೇ. ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗುವಿನ ಕಣ್ಣಿಗೆ ಊದುವ ಹಾಗೆ ಮೆಲ್ಲಗೆ ಊದಿ, ಆಮೇಲೆ ಭೂತಗನ್ನಡಿ ತೆಗೆಯುತ್ತಿದ್ದಿರಿ. ಮೊದಲು ಕಿವಿ, ಆಮೇಲೆ ಬೆರಳು, ಕಡೆಗೆ ಕಣ್ಣು ಎನ್ನುತ್ತಿದ್ದಿರಿ. ಭಾನುವಾರ ನೀವು ಊದಲೂ ಇಲ್ಲ, ಕಿವಿಗೆ ಹಿಡಿಯಲೂ ಇಲ್ಲ. ಅಂಗಿ ಹೆಗಲಿಂದ ಜೋತುಬಿದ್ದಿತ್ತು. ಆರ್.ಟಿ. ನಗರದ ಆ ಒಂಟಿ ರೂಮಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ ಇಲ್ಲವೋ. ಬೇರೆಯಾಗಿ ಇರುವವಳು ಕೇಳಬಾರದ್ದು, ಕೇಳಿದೆ.

ಜಯಂತ್ ನಿನ್ನೆ ಬಂದಿದ್ದರು. ಒಂದು ದೂರು ಬರೆದುಕೊಟ್ಟರೆ ಅಧ್ಯಕ್ಷ ಸ್ಥಾನದಿಂದ ನಿಮ್ಮನ್ನೇ ಬದಲಾಯಿಸಬಹುದು ಎಂದರು. ಕಾಫಿ ಕೊಟ್ಟು ಕಳಿಸಿದೆ. ನಿಮ್ಮನ್ನು ಬೈಯುವ ಹಕ್ಕು ನಾನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಆದರೆ ನನ್ನನ್ನು ಒಳಗೊಳಗೇ ಸಮಾಧಾನ ಮಾಡಬೇಡಿ. ವಂದನಾಳ ಕೈಲಿ ಕ್ಷಮಾಪಣೆ ಹೇಳಿಕಳಿಸಬೇಡಿ. ತಪ್ಪು ಮೈಕಿನಲ್ಲಿ ಆಗಿದೆ. ಡಿಸೆಂಬರಿನ ಸಭೆಗೆ ಮುನಿಶಾಮಮ್ಮತ್ತೆಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಅದೇ ಚಾಕು ಅದೇ ಮೇಜಿನ ಮೇಲಿರುತ್ತದೆ. ಎಲ್ಲರ ಎದುರು ನೋಡಿ, ಎಲ್ಲರಿಗೂ ಕೇಳುವಂತೆ ಉತ್ತರ ಹೇಳಿ: ಅನಂತರಾಜು ಇಟ್ಟುಕೊಂಡಿದ್ದದ್ದು ಅಸಲಿಯೋ, ನಕಲಿಯೋ?

ಇಂತಿ,
ಸತ್ಯವತಿ

ಮರೆತಿದ್ದೆ: ಆ ಚಾಕುವನ್ನು ನಾನು ಬರೀ ಪ್ರದರ್ಶನಕ್ಕೆಂದು ತಂದಿರಲಿಲ್ಲ. ಹಿಂದಿನ ದಿನ ನಿಮಗೆ ಎಪ್ಪತ್ತು ತುಂಬಿತ್ತು. ಯಾರದೆಂದು ತಿಳಿಯದೆ ಅದನ್ನು ನೀವು ಹೊಗಳುವುದನ್ನು ಒಮ್ಮೆ ಕೇಳಿ, ಆಮೇಲೆ ನಿಮ್ಮ ಕೈಯಲ್ಲೇ ಬಿಟ್ಟು ಬರೋಣ ಎಂದುಕೊಂಡಿದ್ದೆ.